ಇಕ್ರಾಮ್ ಅಂಕಲ್ ತೂಗಿಟ್ಟ ತೋಟೆಗಳು

ಶ್ರೀನಿಧಿಗೆ ಕಡಲಾಚೆಯ ವೆಲಿಂಗ್ಟನ್ನಿನ ಒಂದು ವಿಮಾ ಆಫೀಸಿನಲ್ಲಿ ಕೆಲಸ. ಯಾವ ಬೀದಿಯ ಯಾವ ಮನೆಗೆ ಮಳೆನೀರು ನುಗ್ಗಬಹುದು ಅಂತ ಗ್ರಾಫ್ ಎಳೆದು ತೋರಿಸುವುದಕ್ಕೆ ಸಂಬಳ ಕೊಡುತ್ತಿದ್ದರು. ಇಷ್ಟೆಲ್ಲ ಬಲ್ಲ ಈ ಮಹಾಶಯನಿಗೆ ತನ್ನ ಕೋಣೆಯ ಸೂರೇ ಸೋರುತ್ತದೆ ಅಂತ ತಿಳಿದದ್ದು ದಿಂಬು ಒದ್ದೆಯಾದ ಮೇಲೆ.

ಕೋಣೆ ಇದ್ದದ್ದು ಊರಾಚೆಯ ಕಣಿವೆಯಲ್ಲಿರುವ ಅಪ್ಪರ್ ಹಟ್‌ನಲ್ಲಿ, ಇಕ್ರಾಮ್ ಅಂಕಲ್ ಮನೆಯ ಹಿತ್ತಲಲ್ಲಿ. ಸೋರುತ್ತಿದೆ ಅಂದ ಮರುಕ್ಷಣ ಅಂಕಲ್ ಏಣಿ ತಂದು ಹತ್ತಿಯೇಬಿಟ್ಟರು. ಮೈಸೂರಿನ ಹುಡುಗ ಶ್ರೀನಿಧಿ ಕೆಳಗೆ ಏಣಿ ಹಿಡಿದುಕೊಂಡು ನಿಂತ. ಮೇಲಿಂದ ಒಂದು ಮೊಳೆ ಬಿತ್ತು. ಎತ್ತಿಕೊಟ್ಟ. ಮತ್ತೆ ಬಿತ್ತು. ತಲೆಯೆತ್ತಿ ನೋಡಿದರೆ ಅಂಕಲ್‌ರ ಬಲಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಸಣ್ಣಗೆ ನಡುಗುತ್ತಿತ್ತು.

"ಮೊಳೆ ಸರಿ ಇಲ್ಲಪಾ," ಅಂದರು ಅಂಕಲ್. "ಚೀನಾ ಮಾಲು."

ಆಮೇಲೆ ಗಮನಿಸಿದರೆ ಅವರಿಗೆ ಎಲ್ಲವೂ ಹಾಗೇ. ಚಹಾ ಚೆಲ್ಲಿದರೆ ಕಪ್ಪಿನ ಹಿಡಿ ಸರಿ ಇಲ್ಲ. ಅಂಗಿಯ ಗುಂಡಿ ಸಿಗದಿದ್ದರೆ ದರ್ಜಿ ಸರಿ ಇಲ್ಲ. ಡಾಕ್ಟರ್ ಹತ್ತಿರ ಹೋಗೋಣ ಅಂತ ಹೆಂಡತಿ ಶಮೀನಾ ಆಂಟಿ ಹೇಳೀ ಹೇಳೀ ಸೋತಿದ್ದರು. "ನನಗೇನಾಗೈತಿ?" ಅನ್ನುವುದೇ ಉತ್ತರ.

ಇಕ್ರಾಮ್ ಅಂಕಲ್ ಹರಿಹರದವರು. ಅಲ್ಲಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು, ಹರೆಯದಲ್ಲೇ ಇಲ್ಲಿಗೆ ಬಂದು ಕಣಿವೆಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮುಂದೆ ನಿಂತರು, ರಿಟೈರ್ ಆಗುವತನಕ ಅಲ್ಲಿಂದ ಅಲುಗಲಿಲ್ಲ. ಆ ಕಾಲಕ್ಕೆ ಅಪ್ಪರ್ ಹಟ್‌ನಲ್ಲಿ ಹಲಾಲ್ ಮಾಂಸ ಸಿಗುತ್ತಿರಲಿಲ್ಲ. ಗಂಡಹೆಂಡತಿ ತಿಂಗಳುಗಟ್ಟಲೆ ಬೇಳೆ, ಮೊಟ್ಟೆಯಲ್ಲೇ ಕಳೆದರು. ಕೊನೆಗೆ ಜೊತೆ ಕೆಲಸದ ಈ ದೇಶದವನೊಬ್ಬ ತನ್ನ ಪಿಕಪ್ ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಬೆಟ್ಟಕ್ಕೆ ಕರೆದೊಯ್ದು ರೈಫಲ್ ಹಿಡಿಯುವುದು ಕಲಿಸಿದ. ಬಿಸ್ಮಿಲ್ಲಾ ಹೇಳಿ ತಾವೇ ಜಿಂಕೆ ಹೊಡೆದರೆ ತಿನ್ನಲು ಅಡ್ಡಿಯಿಲ್ಲವಲ್ಲ.

"ಮೊದಲನೇ ಜಿಂಕೆ ಹೊಡೆದೋರು ಯಾರು, ಅದನ್ನ ಕೇಳು," ಅನ್ನುತ್ತಿದ್ದರು ಆಂಟಿ ಒಲೆಯ ಕಡೆಯಿಂದ.

"ಅದು ತಾನೇ ಬಂದು ಇವಳ ಮುಂದೆ ನಿಂತಿತ್ತು," ಅನ್ನುತ್ತಿದ್ದರು ಅಂಕಲ್.

ಮಂಡಿ ಸವೆದು ಬೆಟ್ಟ ಹತ್ತುವುದು ನಿಂತ ಮೇಲೆ ಅಂಕಲ್‌ಗೆ ಉಳಿದದ್ದು ಊರಾಚೆಯ ಗುಂಡು ಹಾರಿಸುವ ರೇಂಜು, ಅಲ್ಲಿನ ಕಾಗದದ ಗುರಿ. ಅದಕ್ಕೂ ಬಿಸ್ಮಿಲ್ಲಾ ಹೇಳಿಯೇ ಹೊಡೆಯುವುದು. "ಕಾಗದಾನೂ ಹಲಾಲ್ ಮಾಡಿ ತಿನ್ತೀರೇನು?" ಅಂತ ಆಂಟಿ ರೇಗಿಸುವುದು. ಮುನ್ನೂರು ಗಜದಾಚೆ ಐದು ಗುಂಡು ಹೊಡೆದು, ಆ ಕಾಗದ ಮನೆಗೆ ತಂದು, ತೂತುಗಳ ಮೇಲೆ ಆಂಟಿಯ ಹಳೆಯ ಟೀ ಸಾಸರ್ ಬೋರಲು ಹಾಕಬೇಕು. ಐದೂ ಸಾಸರಿನಡಿ ಮುಚ್ಚಿಹೋದರೆ ಅಂದು ಹಬ್ಬ.

ಈ ವರ್ಷ ಹಬ್ಬವೇ ಆಗಿರಲಿಲ್ಲ. ಯಾವ ಕಾಗದ ತಂದರೂ ಒಂದೆರಡು ತೂತು ಸಾಸರಿನಾಚೆ.

"ಕೇಸ್ ಸರಿ ಇಲ್ಲ," ಅಂತ ತೀರ್ಮಾನವಾಯಿತು. ಕೇಸ್ ಅಂದರೆ ಹೊಡೆದಾದ ಮೇಲೆ ಉಳಿಯುವ ತೋಟೆಯ ಹಿತ್ತಾಳೆ ಕವಚ. ಅದನ್ನು ಎಸೆಯದೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಮತ್ತೆ ಬಳಸುತ್ತಾರೆ. ಅಂಕಲ್ ಪುಟ್ಟದೊಂದು ತಕ್ಕಡಿ ತಂದು ಊಟದ ಮೇಜಿನ ಮೇಲೆ ಒಂದೊಂದೇ ಖಾಲಿ ಕೇಸ್ ತೂಗಲು ಕೂತರು. ಹಗುರದವು ಒಂದು ಉಪ್ಪಿನಕಾಯಿ ಜಾಡಿಗೆ, ನಡುವಿನವು ಇನ್ನೊಂದಕ್ಕೆ, ಭಾರದವು ಮತ್ತೊಂದಕ್ಕೆ.

"ತೂಕಕ್ಕೂ ಗುರಿಗೂ ಏನು ಸಂಬಂಧ ಅಂಕಲ್?"

"ಹೊರಗಿನ ಅಳತಿ ಎಲ್ಲದಕ್ಕೂ ಒಂದೇ. ಭಾರ ಜಾಸ್ತಿ ಅಂದ್ರ ಗೋಡಿ ದಪ್ಪ, ಒಳಗ ಜಾಗ ಕಮ್ಮಿ. ಅಷ್ಟೇ ಮದ್ದು ಸಣ್ಣ ಜಾಗದಾಗ ಸುಟ್ರ ಒತ್ತಡ ಜಾಸ್ತಿ. ಒಂದು ಗುಂಡು ಜೋರು, ಒಂದು ನಿಧಾನ. ದೂರ ಹೋದಂಗ ಒಂದು ಮ್ಯಾಲೆ, ಒಂದು ಕೆಳಗ. ಒಂದೇ ತೂಕದ್ದು ಆರಿಸಿದ್ರ ಎಲ್ಲಾ ಒಂದೇ ಕಡಿ ಕೂತ್ಕೊಂತಾವು."

ಕೇಳಲು ಚೆನ್ನಾಗಿತ್ತು. ನಮ್ಮ ಗ್ರಾಫಿನ ಪಂಡಿತ ಇಂಟರ್‌ನೆಟ್ ನೋಡಿದ. ಅರ್ಧ ಜನ ಹೌದು ಅಂದಿದ್ದರು, ಅರ್ಧ ಜನ ಬರೀ ಟೈಂಪಾಸ್ ಅಂದಿದ್ದರು. ಅವನ ಆಫೀಸಿನ ವರದಿಗಳಿಗಿಂತ ಇದೇನೂ ಕಡೆಯಾಗಿರಲಿಲ್ಲ.

ಒಂದು ಸಂಜೆ ಅಂಕಲ್ ತಕ್ಕಡಿಯಿಂದ ತಲೆಯೆತ್ತದೆಯೇ ಹೇಳಿದರು: "ಬರೋ ಶನಿವಾರ ಎಲ್ಲಾ ನಡು ಜಾಡಿದ್ದೇ ಒಯ್ತೀನಿ. ಅವೂ ಸಾಸರಿನಾಗ ಬೀಳ್ಲಿಲ್ಲ ಅಂದ್ರ ರೈಫಲ್ ಮಾರಿಬಿಡ್ತೀನಿ." ಕೇಸೊಂದನ್ನು ಜಾಡಿಗೆ ಹಾಕಿ, "ಆಮ್ಯಾಲೆ ಇವಳು ಹೇಳಿದ ಡಾಕ್ಟರ್."

ಆಂಟಿ ಆಗಲೇ ಕುದಿದಿದ್ದ ಚಹಾವನ್ನು ಸುಮ್ಮನೆ ಇನ್ನೊಂದು ಸಲ ಕುದಿಸಿದರು.

ಆ ವಾರ ಇಬ್ಬರೂ ಮಗಳು ತಸ್ನೀಮ್‌ಳನ್ನು ನೋಡಲು ದೂರದ ಹೆಂಡರ್ಸನ್‌ಗೆ ಹೋದರು. ಮನೆಯಲ್ಲಿ ಉಳಿದ ಶ್ರೀನಿಧಿಗೆ ಏನಾದರೂ ಉಪಕಾರ ಮಾಡಬೇಕೆಂಬ ಹುಮ್ಮಸ್ಸು ಬಂತು. ಆ ಹುಮ್ಮಸ್ಸು ಬಂದಾಗಲೆಲ್ಲ ಯಾರಿಗಾದರೂ ನಷ್ಟವಾಗಿದೆ ಅನ್ನುವುದನ್ನು ಅವನು ಯಾಕೋ ಗ್ರಾಫ್ ಹಾಕಿ ನೋಡಿರಲಿಲ್ಲ. ಜಾಡಿಗಳಲ್ಲಿ ಕೇಸ್‌ಗಳು ಮಸಿ ಹಿಡಿದು ಕೂತಿದ್ದವು. ಮೈಸೂರಿನ ಮನೆಯಲ್ಲಿ ಹಬ್ಬದ ಮುನ್ನಾದಿನ ಅಮ್ಮ ಹಿತ್ತಾಳೆ ದೀಪ ಬೆಳಗುತ್ತಿದ್ದದ್ದು ಹುಣಸೆಹಣ್ಣಿನಲ್ಲಿ. ಅಡುಗೆಮನೆಯಲ್ಲಿ ಹುಣಸೆಹಣ್ಣಿನ ದೊಡ್ಡ ಉಂಡೆ ಇತ್ತು. ಒಂದು ಬಕೆಟ್ ಇತ್ತು. ಮೂರೂ ಜಾಡಿ ಸುರಿದ.

ಶುಕ್ರವಾರ ಸಂಜೆ ಅಂಕಲ್ ಬಾಗಿಲು ದಾಟುವ ಮುಂಚೆಯೇ ಟವೆಲ್ ಸರಿಸಿ ತೋರಿಸಿದ. "ನೋಡಿ ಅಂಕಲ್! ಥಳಥಳ ಅಂತಿವೆ!"

ಅಂಕಲ್ ನೋಡಿದರು. ಖಾಲಿ ಜಾಡಿಗಳ ಕಡೆ ನೋಡಿದರು. "ಬಾಳ ಚೆಂದ ಆಗ್ಯಾವಪ," ಅಂದರು. "ಇದರಾಗ ನಡು ಜಾಡಿದ್ದು ಯಾವುವು?"

ಶ್ರೀನಿಧಿ ಒಂದನ್ನು ಎತ್ತಿ ನೋಡಿದ, ಇನ್ನೊಂದನ್ನೂ ಎತ್ತಿ ನೋಡಿದ. ಎರಡೂ ಒಂದೇ ಥರ ಹೊಳೆಯುತ್ತಿದ್ದವು.

"ನನ್ನ ದಾಲ್ಚಾ ಸಾರಿನ ಹುಣಸೆಹಣ್ಣು!" ಅಂತ ಅಡುಗೆಮನೆಯಿಂದ ಆಂಟಿಯ ಕೂಗು.

ಮತ್ತೆ ತೂಗಲು ಪುರುಸೊತ್ತಿರಲಿಲ್ಲ. ಅಂಕಲ್ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಒಣಗಿದವನ್ನು ಒಂದೊಂದೇ ಪರೀಕ್ಷಿಸಿ, ಬೆರಕೆಯಾದದ್ದರಲ್ಲೇ ಕೈಗೆ ಸಿಕ್ಕ ಹತ್ತಕ್ಕೆ ಮದ್ದು ತುಂಬಿದರು.

ಶನಿವಾರ ರೇಂಜಿನಲ್ಲಿ ಗಾಳಿ ಇರಲಿಲ್ಲ. ಆಂಟಿ ಚೀಲದಲ್ಲಿ ಸಾಸರ್ ತಂದಿದ್ದರು. ಅಂಕಲ್ ಚಾಪೆಯ ಮೇಲೆ ಮಲಗಿ, ಮರಳುಚೀಲದ ಮೇಲೆ ರೈಫಲ್ ಇಟ್ಟು, ಬಿಸ್ಮಿಲ್ಲಾ ಅಂದು ಐದು ಹೊಡೆದರು. ಕಾಗದ ಬಂತು. ಸಾಸರ್ ಹಾಕಿದರು. ಎರಡು ತೂತು ಆಚೆ.

ಶ್ರೀನಿಧಿಗೆ ತಡೆಯಲಾಗಲಿಲ್ಲ.

"ಅಂಕಲ್, ಇದು ಲೆಕ್ಕಕ್ಕಿಲ್ಲ. ನಾನು ಬೆರೆಸಿಬಿಟ್ಟೆನಲ್ಲ! ಮುಂದಿನ ತಿಂಗಳು ತೂಗಿ ತಂದು ಹೊಡೀರಿ. ತಪ್ಪೆಲ್ಲಾ ನನ್ನ ಹುಣಸೆಹಣ್ಣಿಂದು."

ಜೀವಮಾನದಲ್ಲಿ ಮೊದಲ ಸಲ ಅವನ ಪೆದ್ದುತನ ಒಬ್ಬರ ಉಪಯೋಗಕ್ಕೆ ಬಂದಿತ್ತು. ಅಂಕಲ್‌ರ ಮುಖದಲ್ಲಿ ಒಂದು ಗಳಿಗೆ ಆಸೆ ಮೂಡಿದ್ದನ್ನೂ ಅವನು ಕಂಡ. ನಡುಗುವ ಕೈಯನ್ನು ಅಂಕಲ್ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಉಳಿದ ಐದು ತೋಟೆಗಳನ್ನು ನೋಡಿದರು.

"ಶಮೀನಾ, ಇವನ್ನ ನೀ ಹೊಡಿ."

"ನನಗ ಬ್ಯಾಡ."

"ಅದೇ ಬೆರಕೆ. ಅದೇ ರೈಫಲ್. ಹೊಡಿ."

"ಭುಜ ನೋಯ್ತೈತಿ ನನಗ." ಆಂಟಿಯ ದನಿ ಗಟ್ಟಿಯಾಗಿತ್ತು, ಕಣ್ಣು ಅಲ್ಲ. "ಹುಡುಗ ಹೇಳಿದ್ನಲ್ಲ, ಕೇಸ್ ಬೆರಕೆ ಆಗ್ಯಾವು ಅಂತ. ಮನಿಗೆ ನಡೀರಿ."

"ಬೇಕಂತ ತಪ್ಪಿಸಿ ಹೊಡದ್ರೂ ನನಗ ತಿಳೀತೈತಿ," ಅಂದರು ಅಂಕಲ್ ಮೆತ್ತಗೆ. "ಬೆಟ್ಟದಾಗ ಎಷ್ಟು ಸಲ ನಿನ್ನ ಪಕ್ಕದಾಗ ಮಲಗಿ ನೋಡೀನಿ. ಸುಳ್ಳು ಹೊಡಿಬ್ಯಾಡ."

ಆಂಟಿ ಸ್ವೆಟರ್ ತೋಳು ಸರಿಸಿಕೊಂಡು ಚಾಪೆಯ ಮೇಲೆ ಮಲಗಿದರು. ಬಿಸ್ಮಿಲ್ಲಾ ಅಂದರು. ಒಂದೊಂದು ಗುಂಡಿನ ನಡುವೆಯೂ ಬಹಳ ಹೊತ್ತು ತಡೆದರು.

ಈ ಸಲ ಅಂಕಲ್ಲೇ ಸಾಸರ್ ಇಟ್ಟರು. ಕೈ ನಡುಗಿ ಪಿಂಗಾಣಿ ಕಾಗದದ ಮೇಲೆ ಟಕಟಕ ಅಂದಿತು, ಆಮೇಲೆ ಕೂತಿತು. ಐದು ತೂತಿನಲ್ಲಿ ಒಂದೂ ಕಾಣಲಿಲ್ಲ.

ಆಂಟಿ ಅಳಲು ಶುರುಮಾಡಿದರು. "ತಪ್ಪಿಸಬೇಕು ಅಂತಲೇ ಮಲಗಿದ್ದೆ," ಅಂದರು. "ಆಗಲಿಲ್ಲ ನೋಡ್ರಿ."

"ಮೊದಲನೇ ಜಿಂಕೆ ಹೊಡೆದೋಳು," ಅಂತ ಅಂಕಲ್ ಶ್ರೀನಿಧಿಗೆ ಪರಿಚಯ ಮಾಡಿಕೊಟ್ಟರು, ಇದೇ ಮೊದಲು ಅನ್ನುವ ಹಾಗೆ. ಆಮೇಲೆ ಮೂಗು ಒರೆಸಿಕೊಂಡು, "ಮಂಗಳವಾರ ಡಾಕ್ಟರ್ ಇರ್ತಾರೇನು?" ಅಂತ ಕೇಳಿದರು.

ಡಾಕ್ಟರ್ ಇದ್ದರು. ಅವರು ನಡೆಸಿ ನೋಡಿದರು, ಬರೆಸಿ ನೋಡಿದರು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮಾತ್ರೆ ಶುರುವಾಯಿತು. ರೈಫಲ್ ಮಾರಲಿಲ್ಲ, ಯಾಕೆಂದರೆ ಮುಂದಿನ ತಿಂಗಳ ಸ್ಪರ್ಧೆಗೆ ಶಮೀನಾ ಆಂಟಿಯ ಹೆಸರನ್ನು ಅಂಕಲ್ ಆಕೆಯನ್ನು ಕೇಳದೆಯೇ ಕೊಟ್ಟುಬಂದಿದ್ದರು.

ಆಮೇಲೊಂದು ಭಾನುವಾರ ಶ್ರೀನಿಧಿ ಹುಣಸೆಹಣ್ಣಿನ ದೊಡ್ಡ ಪೊಟ್ಟಣ ಹಿಡಿದುಕೊಂಡು ಒಳಗೆ ಹೋದರೆ ಅಂಕಲ್ ಮತ್ತೆ ತಕ್ಕಡಿ ಹರಡಿಕೊಂಡು ಕೂತಿದ್ದರು.

"ಅಂಕಲ್! ತೂಗದೇ ಇದ್ರೂ ಆಂಟಿಗೆ ಬಿತ್ತಲ್ಲ? ಮತ್ತ್ಯಾಕೆ?"

"ಐದೇ ಗುಂಡು ನೋಡಿ ಲೆಕ್ಕ ಮುಗಿಸ್ತೀಯಲ್ಲ, ನಿನಗ ಯಾರಪ ಗ್ರಾಫಿನ ಕೆಲಸ ಕೊಟ್ಟೋರು?" ಅಂದರು ಅಂಕಲ್. "ನಿಜವಾಗಿ ಫರಕ್ ಆಗ್ತೈತೋ ಇಲ್ಲೋ, ಅವಳ ಕೈಯಾಗ ನೋಡಾಣ. ಕುಂದ್ರು."

ಒಂದು ಕೇಸ್ ಎತ್ತಿಕೊಂಡರು. ಕೈ ನಡುಗಿತು, ತಕ್ಕಡಿಯ ಅಂಕಿಗಳೂ ನಡುಗಿದವು. ಕೇಸ್ ಬಿಟ್ಟು ಕೈ ಹಿಂದಕ್ಕೆಳೆದುಕೊಂಡರು. ಅಂಕಿಗಳು ನಿಧಾನವಾಗಿ ನಿಂತವು.

"ನಡು ಜಾಡಿ," ಅಂದರು ಅಂಕಲ್. ಶ್ರೀನಿಧಿ ಜಾಡಿಯ ಮುಚ್ಚಳ ತೆಗೆದು ಹಿಡಿದ.