ತೆಲುಗು ಕೇಳಿಸದ ಕಾರು

ಇಂದುಧರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಿಮಗೆ ಹಾಗೆ ಅನ್ನಿಸಬಹುದು, ಅನ್ನಿಸಿದರೆ ಅದರಲ್ಲಿ ನನಗೂ ಪಾಲು ಬರುತ್ತದೆ.

ಅವನು ದಾವಣಗೆರೆ ಕಡೆಯ ಜಗಳೂರಿನವನು. ನಾನು ನಂಜನಗೂಡಿನವನು, ಹೆಸರು ಶ್ರೀಕಂಠ ಎಂದರೆ ಊರು ಬೇರೆ ಹೇಳಬೇಕಾಗಿಲ್ಲ. ಒಂದೇ ಬ್ಯಾಂಕು, ಒಂದೇ ವರ್ಗಾವಣೆ ಪಟ್ಟಿ. 1983ರಲ್ಲಿ ಇಬ್ಬರೂ ವಿಶಾಖಪಟ್ಟಣದಲ್ಲಿ ರೈಲು ಇಳಿದೆವು. ಎರಡು ವರ್ಷದಲ್ಲಿ ವಾಪಸು ಹೋಗುತ್ತೇವೆ ಅಂತ ಅರ್ಧ ಸಾಮಾನು ಗಂಟು ಬಿಚ್ಚದೆ ಇಟ್ಟುಕೊಂಡಿದ್ದೆವು. ಹನ್ನೆರಡು ವರ್ಷವಾದರೂ ಅಲ್ಲೇ ಇದ್ದೆವು. ಆಮೇಲೆ ಆ ಗಂಟು ಬಿಚ್ಚಿದರೆ ಒಳಗಿದ್ದುದೆಲ್ಲ ಜಿರಲೆಯ ಪಾಲಾಗಿತ್ತು.

ಬ್ಯಾಂಕಿನಲ್ಲಿ ಇಂದುಧರ ಇದ್ದಾನೋ ಇಲ್ಲವೋ ಎಂಬುದು ಗೊತ್ತಾಗುತ್ತಿರಲಿಲ್ಲ. ಮ್ಯಾನೇಜರು ಬೈದರೆ ತಲೆ ಬಗ್ಗಿಸುತ್ತಿದ್ದ, ಗಿರಾಕಿ ಬೈದರೂ ತಲೆ ಬಗ್ಗಿಸುತ್ತಿದ್ದ. ಅಂಥವನು 1995ರಲ್ಲಿ ಒಂದು ಕಡುಗೆಂಪು ಎಸ್ಟೀಮ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ನಾವೆಲ್ಲ ಬಾಯಿಬಿಟ್ಟೆವು. ನಮ್ಮದೆಲ್ಲ ಸ್ಕೂಟರು, ಮ್ಯಾನೇಜರದು ಹಳೇ ಅಂಬಾಸಿಡರು. ಸಂಬಳದವನ ಕೈಗೆ ಎಟಕುವ ಕಾರುಗಳಲ್ಲಿ ಅದರಷ್ಟು ಚುರುಕಾದದ್ದು ಆಗ ಇನ್ನೊಂದಿರಲಿಲ್ಲ.

ಶಾಖೆ ದುವ್ವಾಡದಲ್ಲಿತ್ತು. ದಿನವೂ ನಾನು ಅವನ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ಗಾಜುವಾಕ ದಾಟಿದ ಮೇಲೆ ಮುಂದೆ ಉಕ್ಕು ಹೇರಿದ ಲಾರಿಗಳ ಸಾಲು. ಇಂದುಧರ ಕನ್ನಡಕ ಮೇಲೆ ತಳ್ಳಿ, ಮೂರನೇ ಗೇರಿಗೆ ಇಳಿಸಿ, ಕಾಲು ಒತ್ತುತ್ತಿದ್ದ. ನನ್ನ ಬೆನ್ನು ಸೀಟಿಗೆ ಅಂಟುತ್ತಿತ್ತು.

"ಹೆಂಗ್ ಎಳೀತೈತೆ ನೋಡ್ಲೇ ಶ್ರೀಕಂಠ! ಹೆಂಗ್ ಎಳೀತೈತೆ!" ಅನ್ನುತ್ತಿದ್ದ.

"ನಿಧಾನಕ್ಕೆ ಹೋಗಯ್ಯ, ನನಗೆ ಇನ್ನೂ ಪ್ರಮೋಷನ್ ಬರಬೇಕು" ಅಂದರೆ ಗಹಗಹಿಸಿ ನಗುತ್ತಿದ್ದ. ಆ ನಗು ಕಾರಿನೊಳಗೆ ಮಾತ್ರ. ಶಾಖೆಯ ಮುಂದೆ ಇಳಿದು ಬಾಗಿಲು ಹಾಕಿದನೆಂದರೆ ಮತ್ತೆ ಅದೇ ತಲೆ ಬಗ್ಗಿಸಿದ ಇಂದುಧರ. ಅವನ ಮಾತು ನಡೆಯುವ ಜಾಗ ಅಂತ ಭೂಮಿಯ ಮೇಲೆ ಇದ್ದದ್ದು ಅದೊಂದೇ ಎಂದು ನನಗೆ ಅನ್ನಿಸುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ಚಂಪಾ. ಹುಟ್ಟಿದ್ದು, ಬೆಳೆದದ್ದು ಎಲ್ಲ ವಿಶಾಖಪಟ್ಟಣದಲ್ಲಿ. ಆಟ ತೆಲುಗು, ಜಗಳ ತೆಲುಗು, ನಿದ್ದೆಯಲ್ಲಿ ಕನವರಿಸಿದರೆ ಅದೂ ತೆಲುಗು. ಊರಲ್ಲಿದ್ದ ಅಜ್ಜಿ ರಾಜಮ್ಮನಿಗೆ ಕಾಗದ ಬರೆ ಅಂತ ಕೂರಿಸಿದರೆ ಕನ್ನಡ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಇಟ್ಟು ಬರೆಯುತ್ತಿದ್ದಳು. "ಕೂಸಿನ ಕಾಗದ ಓದಾಕೆ ನಮ್ಮೂರ ಮೇಷ್ಟ್ರಿಗೂ ಬರಲಿಲ್ಲಪ್ಪ" ಎಂದು ಆ ಮುದುಕಿ ಯಾರ ಕೈಯಲ್ಲೋ ಬರೆಸಿ ಕಳಿಸಿದಳು. ಆ ಒಂದು ಸಾಲು ಇಂದುಧರನಿಗೆ ಮುಳ್ಳಿನಂತೆ ಚುಚ್ಚಿತು. ಕಾರು ಬಂದದ್ದೂ ಅದೇ ತಿಂಗಳು. ಅಲ್ಲಿಂದ ಶುರುವಾಯಿತು ಅವನ ಕಾನೂನು: ನಮ್ಮ ಕಾರಿಗೆ ತೆಲುಗು ಕೇಳಿಸುವುದಿಲ್ಲ.

ಮೊದಮೊದಲು ಅದು ತಮಾಷೆಯೇ ಆಗಿತ್ತು. ಬೀಚ್ ರೋಡಿನಲ್ಲಿ ಹೋಗುವಾಗ ಚಂಪಾ "ಆಪು ನಾನ್ನಾ, ಮುರಿ ಮಿಕ್ಸ್ಚರ್!" ಎಂದು ಕೂಗಿದರೆ ಇಂದುಧರ ಮಂಡಕ್ಕಿ ಗಾಡಿಯನ್ನು ದಾಟಿ ಸುಮ್ಮನೆ ಹೋಗುತ್ತಿದ್ದ.

"ಯಾರೋ ಏನೋ ಅಂದಂಗಾತು. ಕಾರಿಗೆ ಕೇಳ್ಸಲಿಲ್ಲ."

"ನಿಲ್ಸು ಅಪ್ಪಾಜಿ!" ಎಂದು ಅವಳು ನಕ್ಕು ಕಿರುಚಿದರೆ ತಟ್ಟನೆ ಬ್ರೇಕು. ಹಿಂದಿನ ಸೀಟಿನಲ್ಲಿ ನಾವೆಲ್ಲ ಮುಂದಕ್ಕೆ ಮುಗ್ಗರಿಸಿ ನಗುತ್ತಿದ್ದೆವು.

ಒಮ್ಮೆ ಭೀಮಿಲಿ ದಾರಿಯಲ್ಲಿ ಹುಡುಗಿ ಮುಖ ಹಿಂಡಿಕೊಂಡು "ವಾಂತಿ ವಸ್ತೋಂದಿ ನಾನ್ನಾ" ಎಂದಳು. ಅವನು ನಿಲ್ಲಿಸಲಿಲ್ಲ. ಎರಡು ತಿರುವು ಕಳೆಯುವುದರಲ್ಲಿ ಸೀಟಿನ ಮೇಲೆಲ್ಲ ಕಕ್ಕಿಕೊಂಡಳು. ಅವನ ಹೆಂಡತಿ ಮಂಗಳಾಗೌರಿ ಸೆರಗಿನಲ್ಲಿ ಒರೆಸುತ್ತ, "ವಾಂತಿ ಅನ್ನದು ಎರಡೂ ಭಾಷ್ಯಾಗೆ ಒಂದೇ ಅಲ್ಲೇನ್ರಿ? ಅದೂ ಕೇಳ್ಸಲಿಲ್ವಾ ನಿಮ್ ಕಾರಿಗೆ?" ಎಂದು ಕೇಳಿದಳು. ಇಂದುಧರ ರಸ್ತೆ ನೋಡುತ್ತ ಗೇರು ಬದಲಿಸಿದ. ಆವತ್ತೇ ನಾನು ಅವನಿಗೆ ಒಂದು ಮಾತು ಬೈದಿದ್ದರೆ ಎಂದು ಈಗ ಅಂದುಕೊಳ್ಳುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

1996ರ ಜೂನ್‌ನಲ್ಲಿ ಅವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಬೆಂಜ್ ಸರ್ಕಲ್ ಹಿಂದಿನ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ. ಅಷ್ಟು ಓಡುವ ಕಾರು ಅಲ್ಲಿ ಆಟೋ, ಲಾರಿಗಳ ನಡುವೆ ಎರಡನೇ ಗೇರು ದಾಟುತ್ತಿರಲಿಲ್ಲ. ಆ ವರ್ಷ ದಸರೆಗೆ ರಾಜಮ್ಮ ಊರಿಂದ ಬಂದಳು. ಎಪ್ಪತ್ತೆರಡು ವರ್ಷ, ಬಾಗಿದ ಸೊಂಟ, ಆದರೆ ಒಂದು ನಿಮಿಷ ಸುಮ್ಮನೆ ಕೂರುವ ಜಾಯಮಾನವಲ್ಲ. ಹಬ್ಬಕ್ಕೆ ನನ್ನನ್ನೂ ಕರೆದಿದ್ದರು, ವಿಶಾಖಪಟ್ಟಣದಿಂದ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ.

ಆಯುಧ ಪೂಜೆಯ ದಿನ, ಗಾಡಿಗಳ ಪೂಜೆಗೆ ಊರೆಲ್ಲ ಸೇರುವ ದೇವಿಯ ಬೆಟ್ಟ ಇಂದ್ರಕೀಲಾದ್ರಿಯ ಬುಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮನೆಯಲ್ಲೇ ಮಾಡಿ ಆಮೇಲೆ ಕಾರಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದಾಯಿತು. ಕಾರಿನ ಮೂತಿ ಗೋಡೆಯ ಕಡೆಗಿತ್ತು, ಗೇಟು ಹಿಂದೆ. ರಾಜಮ್ಮ ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ ಎಳೆದಳು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಗೇಟಿನ ಬಳಿ ಇಂದುಧರನೇ ಬೂದುಗುಂಬಳ ಒಡೆದ. ಹಿಂದಕ್ಕೆ ತೆಗೆಯುವಾಗ ದಾರಿ ತೋರಿಸಲು ಎಂದಿನಂತೆ ಚಂಪಾ ಗೇಟಿನ ಕಂಬದ ಹತ್ತಿರ ನಿಂತಳು. ನಾನು ಕೋಸಂಬರಿಯ ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲಿದ್ದೆ.

ಅವನು ಕಾರು ಶುರು ಮಾಡಿದ. ಅಷ್ಟರಲ್ಲಿ ರಾಜಮ್ಮ, ಕುಂಬಳದ ಹೋಳಿನ ಮೇಲೆ ಯಾರಾದರೂ ಜಾರಿ ಬಿದ್ದಾರು ಎಂದು ಗೊಣಗುತ್ತ ಕಾರಿನ ಹಿಂದಕ್ಕೆ ಹೋಗಿ, ಬಗ್ಗಿ ಹೋಳುಗಳನ್ನು ಆರಿಸತೊಡಗಿದಳು. ಎತ್ತರದ ಡಿಕ್ಕಿ, ಬಗ್ಗಿದ ಮುದುಕಿ ಕನ್ನಡಿಯಲ್ಲಿ ಕಾಣುವ ಹಾಗಿರಲಿಲ್ಲ. ಕಾರು ನಿಂಬೆಹಣ್ಣುಗಳನ್ನು ಅರೆದು ಹಿಂದಕ್ಕೆ ಬಂತು.

"ಆಗು ನಾನ್ನಾ!" ಎಂದು ಚಂಪಾ ಕೂಗಿದಳು. ತೆಲುಗಿನಲ್ಲಿ ಆಗು ಎಂದರೆ ನಿಲ್ಲು.

ಕಾರು ಬರುತ್ತಲೇ ಇತ್ತು.

"ಆಗು! ಆಗು!"

ಇನ್ನೂ ಬಂತು. ಹುಡುಗಿ ಬಾಯಿ ತೆರೆದು ಒಂದು ಕ್ಷಣ ತಡವರಿಸಿದಳು. ಆಮೇಲೆ "ನಿಲ್ಸು ಅಪ್ಪಾಜಿ!" ಎಂದು ಚೀರಿದಳು. ಆ ಮಾತು ಮುಗಿಯುವ ಮೊದಲೇ ಕಾರು ಗಕ್ಕನೆ ನಿಂತಿತು. ಅಷ್ಟರಲ್ಲಿ ಬಂಪರು ತಗುಲಿ ರಾಜಮ್ಮ ಕುಂಬಳದ ಹೋಳುಗಳ ನಡುವೆ ಬಿದ್ದಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆದರೆ ಮತ್ತೆ ಅವಳು ಎದ್ದು ನಡೆಯುವುದಿಲ್ಲ ಎಂಬುದನ್ನು ಡಾಕ್ಟರು ನಮಗೆ ಹೇಳುವ ಮೊದಲೇ ಅವರ ಮುಖ ಹೇಳಿತ್ತು.

ಮೂರನೇ ದಿನ ಊರಿಂದ ಇಂದುಧರನ ಅಣ್ಣ ಈಶ್ವರಪ್ಪ ಬಂದ. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಎಲ್ಲರೂ ಕೂತಿದ್ದೆವು. ಈಶ್ವರಪ್ಪ ಚಂಪಾಳನ್ನು ಎದುರಿಗೆ ನಿಲ್ಲಿಸಿಕೊಂಡ.

"ನೀನು ಹಿಂದೇನೇ ಇದ್ಯಲ್ಲವ್ವಾ. ಏನಂದೆ ನಿಮ್ಮಪ್ಪಗೆ?"

"ಆಗು ಅಂದೆ."

"ಆಗು ಅಂದ್ಯಾ? ಆಗು ಅಂದ್ರೆ?" ಎಂದು ಅವನು ತಮ್ಮನ ಕಡೆ ತಿರುಗಿದ. "ನಿನಗೆ ಏನಂತ ಕೇಳ್ತೋ?"

ಇಂದುಧರ ನೆಲ ನೋಡುತ್ತಿದ್ದ. ಮ್ಯಾನೇಜರ ಮುಂದೆ ನಿಂತಾಗಿನ ಅದೇ ತಲೆ. "ಆಗ್ತೈತೆ ಅಂದಂಗೆ ಕೇಳ್ತಣ್ಣ," ಎಂದ. "ಜಾಗ ಆಗ್ತೈತೆ, ಬಾ ಅಂತಾಳೆ ಅಂದ್ಕಂಡೆ."

ಈಶ್ವರಪ್ಪ ಒಳ್ಳೆಯ ಮನುಷ್ಯ, ಹುಡುಗಿಯನ್ನು ಬೈಯಲಿಲ್ಲ. "ಹೋಗ್ಲಿ ಬಿಡು. ಕೂಸಿಗೆ ನೆಟ್ಟಗೆ ಕನ್ನಡ ಬಂದಿದ್ರೆ ಅವ್ವ ಹಿಂಗ್ ಮಲಗ್ತಿರಲಿಲ್ಲ" ಎಂದ ಅಷ್ಟೆ. ಬೈದಿದ್ದರೂ ವಾಸಿಯಿತ್ತು. ಚಂಪಾ ಅಪ್ಪನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು.

ಹದಿಮೂರು ವರ್ಷ ಆಂಧ್ರದ ನೀರು ಕುಡಿದವನು ಇಂದುಧರ. ಕೌಂಟರಿನಲ್ಲಿ ನುಗ್ಗುವ ಜನಕ್ಕೆ ದಿನಕ್ಕೆ ಇಪ್ಪತ್ತು ಸಲ "ಆಗಂಡಿ, ಆಗಂಡಿ" ಅನ್ನುತ್ತಿದ್ದ. ಅವನಿಗೆ ಆ ಮಾತು ತಪ್ಪಿ ಕೇಳಿಸಿತೇ? ಕಾರು ಯಾವ ಮಾತಿಗೆ ನಿಲ್ಲಲಿಲ್ಲ, ಯಾವ ಮಾತಿಗೆ ನಿಂತಿತು ಎಂಬುದನ್ನು ನಾನು ಮೆಟ್ಟಿಲ ಮೇಲೆ ನಿಂತು ಕಣ್ಣಾರೆ ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಅಣ್ಣನ ಎದುರಿಗೆ ಗೆಳೆಯನ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಕಾಪಾಡಿದ್ದು ಹನ್ನೆರಡು ವರ್ಷದ ಹುಡುಗಿಯ ತಲೆಗೆ ಕಟ್ಟಿ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರಾಜಮ್ಮ ನಡುಮನೆಯ ಮಂಚದ ಮೇಲೆ ಐದು ತಿಂಗಳು ಮಲಗಿದ್ದಳು. "ನನ್ನ ಕೂಸಿಗೆ ಯಾರೂ ಏನೂ ಅನ್ನಬ್ಯಾಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪಾಪ, ತಪ್ಪು ಕೂಸಿನ ಮೇಲೆ ಬಿದ್ದಿದೆ ಎಂಬುದು ಆ ಮಾತಿನಿಂದಲೇ ಬಂದವರಿಗೆಲ್ಲ ಗೊತ್ತಾಗುತ್ತಿತ್ತು. ಯುಗಾದಿಗೆ ಇನ್ನೂ ಒಂದು ವಾರವಿರುವಾಗ ಹೋಗಿಬಿಟ್ಟಳು.

ಮಣ್ಣಿಗೆಂದು ಹೋದಾಗ ನಾನು ಕಂಡ ಚಂಪಾ ಬೇರೆಯೇ ಹುಡುಗಿ. ಅಚ್ಚ ಕನ್ನಡ ಮಾತಾಡುತ್ತಿದ್ದಳು. ಗೆಳತಿಯರು ಬಾಗಿಲಲ್ಲಿ ತೆಲುಗಿನಲ್ಲಿ ಕರೆದರೆ ಹೊರಗೆ ಹೋಗುತ್ತಿರಲಿಲ್ಲ. ಏನಾದರೂ ಕೇಳಿದರೆ ತಕ್ಷಣ ಉತ್ತರವಿಲ್ಲ. ಮಾತನ್ನು ಒಳಗೆ ತಿರುಗಿಸಿ ನೋಡಿ, ಸರಿಯಿದೆ ಎನ್ನಿಸಿದ ಮೇಲೆ ಆಡುತ್ತಿದ್ದಳು. "ಮಾಮ, ನೀವು ಊಟ ಮಾಡಿದಿರಾ?" ಎಂದು ಕೇಳಿದಳು, ಪುಸ್ತಕ ಓದಿದ ಹಾಗೆ. ಇಂದುಧರ ಎಷ್ಟೋ ವರ್ಷದಿಂದ ಬಯಸಿದ್ದು ಸಿಕ್ಕಿತ್ತು. ಅವನು ಮಗಳ ಕನ್ನಡ ಕೇಳಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಕಾರನ್ನು ಆ ದಿನದಿಂದ ಯಾರೂ ಮುಟ್ಟಿರಲಿಲ್ಲ. ಟೈರು ಇಳಿದು ನೆಲಕ್ಕೆ ಅಂಟಿತ್ತು. ಬಾನೆಟ್ಟಿನ ಮೇಲೆ ರಾಜಮ್ಮ ಎಳೆದ ವಿಭೂತಿಯ ಗೆರೆಗಳು ಒಂದು ಮಳೆಗೆ ತೊಳೆದು ಹೋಗಿದ್ದವು. ಜೂನ್‌ನಲ್ಲಿ ಔಷಧಿ ಅಂಗಡಿಯ ಕಾಮೇಶ್ವರ ಎಂಬವರು ಕೊಳ್ಳಲು ಒಪ್ಪಿದರು. "ನೀನೊಬ್ಬ ಜತೆಗಿರಲೇ" ಎಂದು ಇಂದುಧರ ಫೋನು ಮಾಡಿದ, ಹೋದೆ.

ಬೆಳಗಿನ ಹತ್ತು ಗಂಟೆ. ಕಾಮೇಶ್ವರ ಹೊಸ ಬ್ಯಾಟರಿ ಹಾಕಿಸಿ, ಗಾಳಿ ತುಂಬಿಸಿ, ಸೀಟಿನಲ್ಲಿ ಕೂತರು. ಅಷ್ಟು ದಿನ ಸತ್ತಂತಿದ್ದ ಕಾರು ಒಂದೇ ಬಾರಿಗೆ ಗುರ್ರೆಂದಿತು. ಇಂದುಧರ ಗೇಟಿನ ಕಂಬದ ಹತ್ತಿರ, ಮಗಳು ಅವತ್ತು ನಿಂತ ಜಾಗದಲ್ಲೇ, ನಿಂತಿದ್ದ. ಚಂಪಾ ಮತ್ತು ಮಂಗಳಾಗೌರಿ ಮೆಟ್ಟಿಲ ಮೇಲೆ. ಕಾರು ಹಿಂದಕ್ಕೆ ಸರಿಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಸೂರ್ಯಕಾಂತಮ್ಮ ಹಾಲಿನ ತಂಬಿಗೆ ಹಿಡಿದು ಗೇಟಿಗೆ ಅಡ್ಡ ಬಂದರು. ವಯಸ್ಸಾದವರು, ಕಿವಿಯೂ ಅಷ್ಟಕ್ಕಷ್ಟೆ.

"ಆಗಂಡಿ!" ಎಂದು ಇಂದುಧರ ಕಿರುಚಿದ.

ಕಾರು ಅಲ್ಲೇ ನಿಂತಿತು. ಸೂರ್ಯಕಾಂತಮ್ಮ ಏನೂ ಆಗಿಲ್ಲದವರಂತೆ ದಾಟಿ ಹೋದರು.

ಚಂಪಾ ಮೆಟ್ಟಿಲು ಇಳಿದು ಬಂದಳು. ಮಾತನ್ನು ಒಳಗೆ ತಿರುಗಿಸಿ ನೋಡಿಕೊಂಡಳು, ಆಮೇಲೆ ಸ್ಪಷ್ಟವಾದ ಕನ್ನಡದಲ್ಲಿ ಹೇಳಿದಳು: "ಒಂದೇ ಸಲಕ್ಕೆ ನಿಂತಿತು, ಅಪ್ಪಾಜಿ."

ಇಂದುಧರ ಕಂಬ ಹಿಡಿದುಕೊಂಡ. ಕಾಮೇಶ್ವರ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬರಲೇ ಎಂದು ತೆಲುಗಿನಲ್ಲಿ ಕೇಳಿದರು. ಇಂದುಧರ ಮಗಳ ಕಡೆ ತಿರುಗಿದ.

"ನಂಗೆ ಅವತ್ತೂ ಕೇಳ್ಸಿತ್ತು ಚಂಪಾ," ಎಂದ. "ಎಲ್ಲಾ ಕೇಳ್ಸಿತ್ತು. ಅರ್ಥಾನೂ ಆಗಿತ್ತು. ಕನ್ನಡದಾಗೆ ಅನ್ಲಿ, ಆಮ್ಯಾಕೆ ನಿಲ್ಸಾನ ಅಂತ... ಅಷ್ಟೇ ಅಂದ್ಕಂಡಿದ್ದೆ. ಅಜ್ಜಿ ಅಲ್ಲಿರಾದು ನಂಗೆ ಕಾಣ್ಲಿಲ್ಲವ್ವಾ."

ಮೆಟ್ಟಿಲ ಮೇಲೆ ಮಂಗಳಾಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ಹುಡುಗಿ ಅಳಲಿಲ್ಲ. ಎಂಟು ತಿಂಗಳ ಮೇಲೆ ಮೊದಲ ಸಲ ತನ್ನ ಭಾಷೆಯಲ್ಲಿ, ತಡವರಿಸದೆ ಮಾತಾಡಿದಳು.

"ತೆಲುಸು ನಾನ್ನಾ."

ಗೊತ್ತು ಎಂದಳು. ಆಸ್ಪತ್ರೆಯ ವರಾಂಡದಲ್ಲಿ ನಮ್ಮಿಬ್ಬರ ಮುಖ ನೋಡಿದಾಗಲೂ ಅವಳಿಗೆ ಗೊತ್ತಿತ್ತು. ಯಾರಾದರೂ ಒಬ್ಬ ದೊಡ್ಡವನು ಹೇಳಲಿ ಎಂದು ಕಾಯುತ್ತಿದ್ದಳು.