ಟಿವಿಯಮ್ಮ ಹೇಳಿದ ಇನ್ನೊಂದು ಮಾತು

ಟಿವಿಯಮ್ಮನ ಮುಖವನ್ನು ಟಿವಿಯಲ್ಲಿ ಕಂಡವರು ಯಾರೂ ಇಲ್ಲ. ಆದರೂ ಬೀದಿಯವರ ಬಾಯಲ್ಲಿ ಅವಳ ಹೆಸರು ಅದೇ. ಬೇರೆ ಭಾಷೆಯ ಧಾರಾವಾಹಿಗಳು ಬರುತ್ತವಲ್ಲ, ಅವಕ್ಕೆ ನಮ್ಮ ಮಾತು ಕೂರಿಸುವ ಡಬ್ಬಿಂಗ್ ಕೆಲಸ ಅವಳದು. ಪರದೆಯ ಮೇಲೆ ಯಾರೋ ಎತ್ತರದ, ಬೆಳ್ಳಿಕೂದಲಿನ, ರಾಣಿಯಂಥ ಹೆಂಗಸು ಬಾಯಿ ಆಡಿಸುತ್ತಾಳೆ. ಮಾತು ಮಾತ್ರ ಬೀಗದಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಕುಳ್ಳಿಯದು.

ತರಕಾರಿ ಅಂಗಡಿಯ ಮುಂದೆ ನಿಂತು "ಈರುಳ್ಳಿ ಹೇಗಪ್ಪಾ" ಅಂದರೆ ಸಾಕು, ಸುತ್ತಲಿನವರ ಕತ್ತೆಲ್ಲ ಇತ್ತ ತಿರುಗುತ್ತಿತ್ತು. ಒಮ್ಮೆ ಒಬ್ಬಾಕೆ ಅವಳ ಕೈ ಹಿಡಿದು ಕಣ್ಣೀರು ಹಾಕಿಬಿಟ್ಟಳು. ಈರುಳ್ಳಿಗೂ ಆ ಕಣ್ಣೀರಿಗೂ ಸಂಬಂಧವಿರಲಿಲ್ಲ. ದೊಡ್ಡಮನೆಯ ಅಮ್ಮ, ಅಂದರೆ ಧಾರಾವಾಹಿಯ ಆ ರಾಣಿ, ಹಿಂದಿನ ಸಂಜೆಯಷ್ಟೇ ಮಗನಿಂದ ಬೈಸಿಕೊಂಡಿದ್ದಳು. "ಅಷ್ಟೆಲ್ಲ ಹೇಗೆ ನುಂಗಿಕೊಂಡ್ರಿ ಅಮ್ಮಾ?" ಎಂದು ಆಕೆ ಕೇಳಿದ್ದಕ್ಕೆ ಟಿವಿಯಮ್ಮ, ನುಂಗಿದ್ದು ಒಂದು ಚೂರು ಬ್ರೆಡ್ ಮಾತ್ರ ಕಣಮ್ಮಾ ಎಂದಿದ್ದಳು. ಅದು ನಿಜವೇ. ಮೈಕಿನ ಮುಂದೆ ಹೊಟ್ಟೆ ಗುರುಗುಟ್ಟಿದರೆ ಅದೂ ರೆಕಾರ್ಡ್ ಆಗುತ್ತದೆ, ಅದಕ್ಕೇ ಬ್ರೆಡ್ಡು.

ಈ ದನಿ ಮೊದಲು ಬಸ್‌ ನಿಲ್ದಾಣದಲ್ಲಿತ್ತು. ಮದುವೆಗೆ ಮುಂಚೆ ಅಲ್ಲಿ ಬಸ್ಸುಗಳು ಹೊರಡುವುದನ್ನು ಕೂಗಿ ಹೇಳುತ್ತಿದ್ದವಳು ಅವಳೇ. ಗಂಡ ಬಂದ, ಬಿಡಿಸಿದ. ನನ್ನ ಹೆಂಡತಿ ಕರೆದ ಕಡೆಗೆಲ್ಲ ಊರ ಗಂಡಸರು ಗಂಟುಮೂಟೆ ಹೊತ್ತುಕೊಂಡು ಓಡುವುದು ನನಗೆ ಬೇಕಿಲ್ಲ ಎಂದನಂತೆ ಆ ಪುಣ್ಯಾತ್ಮ. ಮನೆಯೊಳಗೂ ಅವನದು ಅದೇ ರಾಗ. ಮೆಲ್ಲಗೆ ಮಾತಾಡು. ಕಿಟಕಿ ತೆರೆದಿದೆ, ಮೆಲ್ಲಗೆ. ಮುಚ್ಚಿದ್ದರೂ ಮೆಲ್ಲಗೆ. ಅವಳು ಎಷ್ಟು ಮೆಲ್ಲಗಾದಳೆಂದರೆ, ಬೆಕ್ಕನ್ನು ಕರೆಯಬೇಕಾದರೂ ತಟ್ಟೆ ಬಡಿಯುತ್ತಿದ್ದಳು. ಅವನು ತೀರಿಕೊಂಡ ಮೇಲೆ ಒಂದು ದಿನ ಬಸ್ಸು ಅವಳನ್ನು ಇಳಿಸದೆ ಮುಂದೆ ಹೋಯಿತು. "ನಿಲ್ಸಯ್ಯಾ!" ಎಂದು ಕೂಗಿದಳು ನೋಡಿ, ಬಸ್ಸಿನ ಜೊತೆ ಹಿಂದಿನ ಸೀಟಿನಲ್ಲಿದ್ದ ಸ್ಟುಡಿಯೋದವನೊಬ್ಬನ ಜೀವವೂ ಒಂದು ಗಳಿಗೆ ನಿಂತಿತು. ಅವನು ಅವಳ ಬೆನ್ನಿಗೇ ಇಳಿದು ಬಂದ. ಕೆಲಸ ಸಿಕ್ಕಿದ್ದು ಹಾಗೆ.

ಸ್ಟುಡಿಯೋದ ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ಹಾಸಿಗೆ ಹೊದಿಸಿದ ಹಾಗೆ ಸ್ಪಂಜು. ಚಪ್ಪಲಿ ಹೊರಗೆ ಬಿಡಬೇಕು. ಫ್ಯಾನು ಹಾಕುವ ಹಾಗಿಲ್ಲ, ಸದ್ದು ಬರುತ್ತದೆ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ನಿಲ್ಲಬೇಕು. ಎದುರಿಗೆ ದಪ್ಪ ಗಾಜು, ಗಾಜಿನ ಆಚೆ ರೆಕಾರ್ಡಿಂಗ್ ಮಾಡುವವನು. ವರ್ಷಗಟ್ಟಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಆ ಗಾಜಿನಲ್ಲೇ. ಅವನು ಹೆಬ್ಬೆರಳು ಎತ್ತಿದರೆ ಇವಳು ಅಳಬೇಕು, ಇಳಿಸಿದರೆ ಮೂಗು ಒರೆಸಿಕೊಳ್ಳಬೇಕು.

ಅಲ್ಲೇ ಒಂದು ದಿನ ಆ ಮಾತು ಹೇಳಿದ್ದು. ದೊಡ್ಡಮನೆಯ ಮಗಳು ಗಂಡನ ಮನೆ ಬಿಟ್ಟು ಬಂದಿರುತ್ತಾಳೆ. ಅಮ್ಮ ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಹೇಳುತ್ತಾಳೆ: "ಸಂಸಾರ ಅಂದ್ರೆ ಉರಿಯೋ ಒಲೆ ಮಗಳೇ. ಕೈ ಸುಟ್ಟಿತು ಅಂತ ಒಲೆ ಆರಿಸಿಬಿಟ್ರೆ ಮನೆಮಂದಿ ಉಣ್ಣೋದೇನು?" ಸ್ಟುಡಿಯೋದ ಯಜಮಾನರು ಇನ್ನೂ ಸ್ವಲ್ಪ ಗದ್ಗದ ಬೇಕು ಅಂದರು, ಇವಳು ಗದ್ಗದ ಕೊಟ್ಟಳು. ಪರದೆಯ ಬಾಯಿಗೂ ತನ್ನ ಬಾಯಿಗೂ ಹೊಂದಿತೇ ಎಂದು ನೋಡಿದಳೇ ಹೊರತು ಮಾತಿನ ಒಳಗೆ ಇಣುಕಲಿಲ್ಲ.

ಆ ಮಾತು ಹಬ್ಬಿದ್ದು ಕಾಳ್ಗಿಚ್ಚಿನ ಹಾಗೆ. ಜನರ ಫೋನು ರಿಂಗಾದರೆ ಉರಿಯೋ ಒಲೆ. ಪಾತ್ರೆ ಅಂಗಡಿಯವನ ಬೋರ್ಡಿನಲ್ಲೂ ಉರಿಯೋ ಒಲೆ. ಕಾಫಿ ಕಪ್ಪಿನ ಮೇಲೆ ಅಚ್ಚು ಹಾಕಿಸಿ ಹೊಸ ಸೊಸೆಯಂದಿರಿಗೆ ಉಡುಗೊರೆ ಕೊಡುವವರೂ ಹುಟ್ಟಿಕೊಂಡರು. ಟಿವಿಯಮ್ಮನಿಗೂ ಒಂದು ಕಪ್ಪು ಬಂತು. ಅವಳು ಅದರಲ್ಲಿ ಪೆನ್ನು ಕತ್ತರಿ ಹಾಕಿಟ್ಟಳು.

ಒಂದು ಸಂಜೆ, ಅಂಗಡಿಯ ಹಿಂದೆಯೇ ಮನೆ ಮಾಡಿಕೊಂಡಿದ್ದ ಕೆಳಗಿನ ಬೀಗದಂಗಡಿಯವನು ಹೆಂಡತಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಫೋನು. ಇವರ ಒಬ್ಬಳೇ ಮಗಳಿಗೆ ಬೀದಿಯವರಿಟ್ಟ ಹೆಸರು ಗುಬ್ಬಿ. ಟಿವಿಯಮ್ಮ ಸಂಜೆ ಹೊತ್ತು ಡೈಲಾಗು ಒಪ್ಪಿಸಿಕೊಳ್ಳುತ್ತಿದ್ದರೆ ಆ ಹುಡುಗಿ ಮೇಲಿನ ಮೆಟ್ಟಿಲ ಮೇಲೆ ಕೂತು ಕೇಳುತ್ತ ಕೇಳುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದಳು. ಅವಳ ಪಾಲಿಗೆ ಆ ದನಿಯೇ ಜೋಗುಳ. ಈಗ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಈ ಮೊದಲು ಎರಡು ಸಲ ಓಡಿ ಬಂದಿದ್ದಳು. ಎರಡು ಸಲವೂ ಅಪ್ಪನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದಿದ್ದ.

ಅವನು ಕೆಟ್ಟವನೇನಲ್ಲ. ಕೂತವನು ಚಾಪೆಯ ಅಂಚು ಕೀಳುತ್ತ, ಮಗಳು ಮತ್ತೆ ಬರುತ್ತೇನೆ ಅನ್ನುತ್ತಿದ್ದಾಳೆ, ಈ ಸಲ ಬಂದರೆ ಗಂಡನ ಮನೆಯವರು ಬಾಗಿಲು ಶಾಶ್ವತವಾಗಿ ಹಾಕಿಕೊಳ್ಳುತ್ತಾರಂತೆ ಎಂದು ಹೇಳಿದ.

"ನಮ್ಮ ಮಾತು ಅವಳ ಕಿವಿಗೆ ಬೀಳ್ತಿಲ್ಲ ಅಕ್ಕಾ. ನಿಮ್ಮ ದನಿ ಅಂದ್ರೆ ಪ್ರಾಣ. ಆ ಒಲೆ ಮಾತು ಒಂದು ಸಲ ಹೇಳಿಬಿಡಿ. ಟಿವಿಯಲ್ಲಿ ಹೇಳ್ತೀರಲ್ಲ, ಅದೇ ದನಿಯಲ್ಲಿ."

ಟಿವಿಯಮ್ಮ ನಕ್ಕಳು. ಅದು ಯಾರೋ ಬರೆದ ಮಾತಪ್ಪಾ, ಔಷಧಿ ಅಂಗಡಿಯ ಮಾತ್ರೆಯೇ ಅದು, ಮೂರು ಹೊತ್ತು ಕೊಡೋಕೆ ಎಂದಳು. ಅವನು ನಗಲಿಲ್ಲ. ಹೆಂಡತಿ ಮೊದಲೇ ನಕ್ಕಿರಲಿಲ್ಲ.

ಈ ಸಲ ಏನಾಯಿತು ಎಂದು ಟಿವಿಯಮ್ಮ ಕೇಳಿದಳು. ಗಂಡ ಹೆಂಡಿರ ನಡುವೆ ಏನೋ ಒಂದು ಮಾತು ಅಂದ ಬೀಗದಂಗಡಿಯವನು. ಹೆಂಡತಿ ಗೋಡೆಯ ಕಡೆ ನೋಡುತ್ತ ಹೇಳಿದಳು:

"ಕೈಗೆ ಇಸ್ತ್ರಿ ಪೆಟ್ಟಿಗೆ ತಾಗಿದೆಯಂತೆ."

"ತಾಗಿತೋ, ತಾಗಿಸಿದನೋ?"

ಅಂಗಿಯ ಕಾಲರು ಸರಿಯಾಗಿ ಕೂತಿರಲಿಲ್ಲವಂತೆ ಎಂದು ಆ ತಾಯಿ ಗೋಡೆಗೇ ಹೇಳಿದಳು.

ಟಿವಿಯಮ್ಮನ ಕಣ್ಣು ಕಿಟಕಿಯ ಮೇಲಿದ್ದ ಕಪ್ಪಿನ ಮೇಲೆ ಬಿತ್ತು. ಅಲ್ಲಿಯವರೆಗೆ ಆ ಮಾತಿಗೆ ಅರ್ಥವಿದೆ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಈಗ ಆ ಮಾತಿನಲ್ಲಿ ಒಂದು ಕೈ ಇತ್ತು. ಮೆಟ್ಟಿಲ ಮೇಲೆ ನಿದ್ದೆ ಹೋದ ಹುಡುಗಿಯನ್ನು ಎತ್ತಿಕೊಂಡಾಗ ಇವಳ ಕತ್ತು ಬಳಸುತ್ತಿದ್ದ ಕೈ ಅದು.

"ಅವಳಿಗೆ ಫೋನು ಹಚ್ಚಿ ಕೊಡು," ಎಂದಳು.

ಸ್ಟುಡಿಯೋದಲ್ಲಿ ನಿಲ್ಲುವ ಹಾಗೇ ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು, ಗಂಟಲು ಸರಿಮಾಡಿಕೊಂಡಳು. ಆಮೇಲೆ ಬಂದದ್ದು ದೊಡ್ಡಮನೆಯ ಅಮ್ಮನ ದನಿ, ಕಣ್ಣೀರಿನ ಆ ಒದ್ದೆಯ ಸಮೇತ.

"ಮಗಳೇ, ಸಂಸಾರ ಅಂದ್ರೆ ಉರಿಯೋ ಒಲೆ."

ಬೀಗದಂಗಡಿಯವನು ಕಣ್ಣು ಮುಚ್ಚಿ ತಲೆದೂಗಿದ.

"ಕೈ ಸುಟ್ಟರೆ ಮೊದಲು ಕೈ ತೆಗಿ. ಒಲೆ ಅವರದ್ದು, ಕೈ ನಿನ್ನದು. ಹಸಿವಾದವರು ಬೇಯಿಸ್ಕೊಳ್ಳಲಿ. ನೀನು ಹೊರಡು." ಅಷ್ಟು ಹೇಳಿ, ರಾಣಿಯ ದನಿ ಬಿಟ್ಟು ತನ್ನದೇ ದನಿಗೆ ಇಳಿದಳು. "ಗುಬ್ಬೀ, ಕೆಳಗಿನ ಬಾಗಿಲು ತೆಗೀದೇ ಹೋದ್ರೆ ಮೇಲೆ ಬಾ. ಮೆಟ್ಟಿಲು ಗೊತ್ತಲ್ಲ."

ಅವನು ಕಣ್ಣು ತೆರೆಯುವಷ್ಟರಲ್ಲಿ ಮಾತು ಮುಗಿದಿತ್ತು. ಒಳ್ಳೇ ಮಾತು ಹೇಳಿ ಅಂತ ಕೈ ಮುಗಿದರೆ ಮನೆ ಮುರಿಯುವ ಮಾತು ಹೇಳಿದಿರಲ್ಲ ಎಂದು ಹಾರಾಡಿದ. ಊರಿನ ಬಾಗಿಲನ್ನೆಲ್ಲ ತೆಗೆದುಕೊಡುವ ನಿನಗೆ ಮಗಳ ಪಾಲಿನ ಬಾಗಿಲೊಂದು ತೆಗೆಯೋಕೆ ಬರಲಿಲ್ಲವಲ್ಲಪ್ಪಾ ಎಂದು ಟಿವಿಯಮ್ಮ ಫೋನು ಅವನ ಕೈಗಿಟ್ಟಳು. ಹೆಂಡತಿ ಗಂಡನ ಹಿಂದೆ ಮೆಟ್ಟಿಲಿಳಿದಳು.

ಮಾರನೆಯ ಬೆಳಿಗ್ಗೆ ಗುಬ್ಬಿ ಬಂದಳು. ಹೆಗಲಿಗೊಂದು ಚೀಲ, ಅಂಗೈಗೆ ಬಟ್ಟೆ ಸುತ್ತಿದೆ. ಕೆಳಗಿನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಯಾರೂ ತೆಗೆಯದಿದ್ದಾಗ ಮೇಲೆ ಹತ್ತಿದಳು. ಬಂದ ಕರೆಗಳೆಲ್ಲ ತಾನಾಗಿಯೇ ರೆಕಾರ್ಡ್ ಆಗುವ ಅವಳ ಫೋನಿನಲ್ಲಿ ಆ ಮಾತೂ ಉಳಿದಿತ್ತು. ತನ್ನ ಜೊತೆ ಹಿಂದೆ ಕೆಲಸ ಮಾಡುತ್ತಿದ್ದ ಗೆಳತಿಗೆ ಕಳಿಸಿದಳು. ಗೆಳತಿ ತನ್ನ ಅಕ್ಕನಿಗೆ, ಅಕ್ಕ ಇನ್ನಾರಿಗೋ. ವಾರ ಕಳೆಯುವಷ್ಟರಲ್ಲಿ ಊರಿನ ಫೋನುಗಳಲ್ಲಿ ಒಂದೇ ದನಿಯ ಎರಡು ಮಾತುಗಳು ರಿಂಗಾಗುತ್ತಿದ್ದವು. ಅತ್ತೆಯ ಫೋನಿನಲ್ಲಿ ಒಲೆ ಉರಿದರೆ ಸೊಸೆಯ ಫೋನು ಕೈ ತೆಗಿ ಅನ್ನುತ್ತಿತ್ತು.

ಸ್ಟುಡಿಯೋದಿಂದ ಕರೆ ಬಂತು. ಯಜಮಾನರ ಕೋಣೆಗೆ ಹೋದರೆ ಅಲ್ಲಿ ಬೀಗದಂಗಡಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಯಜಮಾನರು ಗದರುವವರಲ್ಲ, ಬೆಣ್ಣೆ ಹಚ್ಚಿ ಮಾತಾಡುವವರು. ಧಾರಾವಾಹಿಯ ಕಂಪನಿಯವರು ಸಿಟ್ಟಾಗಿದ್ದಾರೆ, ದೊಡ್ಡಮನೆಯ ಅಮ್ಮ ಹೆಣ್ಣುಮಕ್ಕಳನ್ನು ಓಡಿ ಬಾ ಅನ್ನುವವಳಲ್ಲ ಎಂದರು. ಇತ್ತ ಗುಬ್ಬಿಯ ಗಂಡನ ಮನೆಯವರದು ಬೇರೆ ಲೆಕ್ಕ. ಆ ಫೋನಿನ ಮಾತು ಯಾರೋ ಮೋಸಗಾರರು ಅಣಕಿಸಿದ್ದು ಅಂತಾದರೆ, ಹುಡುಗಿ ಮೋಸಹೋದಳು ಅಂದುಕೊಂಡು, ಹೋಗಲಿ ಪಾಪ ಎಂದು ಒಳಗೆ ಬಿಟ್ಟುಕೊಳ್ಳುತ್ತಾರಂತೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ಆ ದನಿ ತನ್ನದಲ್ಲ ಎಂದು ಟಿವಿಯಮ್ಮ ಮೈಕಿನಲ್ಲಿ ಹೇಳಬೇಕು.

"ಒಂದು ಸಾಲು ಅಮ್ಮಾ," ಎಂದರು ಯಜಮಾನರು. "ಎಷ್ಟೋ ಸುಳ್ಳು ಅಳು ಅತ್ತಿದ್ದೀರಿ. ಇದೊಂದು ಸಾಲು."

"ನಿಮ್ಮ ಕಾಲಿಗೆ ಬೀಳ್ತೀನಿ ಅಕ್ಕಾ," ಎಂದ ಬೀಗದಂಗಡಿಯವನು. "ಅವಳ ಬಾಳು ನಿಮ್ಮ ನಾಲಿಗೆ ಮೇಲಿದೆ."

"ಅದು ನನಗೂ ಗೊತ್ತು," ಎಂದಳು ಟಿವಿಯಮ್ಮ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಟವೆಲ್ಲು ಹೆಗಲಿಗೆ ಹಾಕಿಕೊಂಡಳು. ಫ್ಯಾನು ನಿಂತಿತು. ಇಲ್ಲ ಅನ್ನುವ ಒಂದು ಮಾತು ಹೇಳಿದರೆ ನಾಳೆಯೂ ಈ ಕೋಣೆ ಅವಳದೇ. ಆದರೆ ಸಂಜೆ ಸ್ಕೂಟರು ಬರುತ್ತದೆ, ಗುಬ್ಬಿ ಹಿಂದಿನ ಸೀಟಿನಲ್ಲಿ ಕೂರಬೇಕಾಗುತ್ತದೆ, ಆ ಇಸ್ತ್ರಿ ಪೆಟ್ಟಿಗೆ ಅಲ್ಲೇ ಮೇಜಿನ ಮೇಲೆ ಕಾದಿರುತ್ತದೆ. ಗಾಜಿನ ಆಚೆ ಯಜಮಾನರು, ಬೀಗದಂಗಡಿಯವನು, ರೆಕಾರ್ಡಿಂಗಿನವನು, ಮೂವರೂ ಸಾಲಾಗಿ ಇವಳ ಬಾಯನ್ನೇ ನೋಡುತ್ತಿದ್ದರು. ಮೆಲ್ಲಗೆ ಮಾತಾಡು ಅನ್ನುತ್ತಿದ್ದ ಗಂಡನೂ ಅವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತ ಹಾಗೆ ಕಂಡಿತು. ಕೂರಲಿ ಬಿಡು, ಅವನೂ ಕೇಳಲಿ ಅಂದುಕೊಂಡಳು.

ಹೆಬ್ಬೆರಳು ಮೇಲೆದ್ದಿತು.

"ಇದು ನನ್ನ ದನಿ," ಎಂದಳು. ಗದ್ಗದವಿಲ್ಲ, ಒದ್ದೆಯಿಲ್ಲ, ಬಸ್ ನಿಲ್ದಾಣದಲ್ಲಿ ಕೂಗುತ್ತಿದ್ದ ಅದೇ ತುಂಬು ದನಿ. "ಫೋನಿನಲ್ಲಿ ಮಾತಾಡಿದ್ದೂ ನಾನೇ. ಒಲೆ ಮಾತು ಇನ್ನೊಬ್ಬರು ಬರೆದುಕೊಟ್ಟಿದ್ದು. ಕೈ ಮಾತು ನನ್ನದು."

ಯಜಮಾನರ ಬೆಣ್ಣೆ ಅಷ್ಟೂ ಕರಗಿಹೋಯಿತು. ಇನ್ನೊಂದು ಟೇಕ್ ತಗೋ ಎಂದು ರೆಕಾರ್ಡಿಂಗಿನವನಿಗೆ ಹೇಳಿದರು. ಅವನು ಯಂತ್ರದಿಂದ ಕಣ್ಣೆತ್ತದೆ, "ಬೇಡ ಸಾರ್, ಒಂದೇ ಸಲಕ್ಕೆ ಸರಿಯಾಗಿ ಬಂದಿದೆ," ಎಂದ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಅವಳು ಕೇಳಿದ ಮೊದಲ ಹೊಗಳಿಕೆ ಅದು.

ನಾಳೆಯಿಂದ ಬರುವುದು ಬೇಡ ಎಂದರು. ಟವೆಲ್ಲು ಮಡಚಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಹೊರಗೆ ಬೀಗದಂಗಡಿಯವನು ಗರಬಡಿದವನ ಹಾಗೆ ನಿಂತಿದ್ದ.

"ಸ್ಕೂಟರ್ ತಂದಿದೀಯಲ್ಲ," ಎಂದಳು. "ನಡಿ, ಮನೆಗೆ ಬಿಡು. ಹೆಣ್ಣುಮಕ್ಕಳನ್ನ ಬಿಟ್ಟು ಬರೋದು ನಿನಗೆ ರೂಢಿ ತಾನೇ."

ಅವನು ಸೀಟಿನ ಧೂಳು ಒರೆಸಿದ. ಮನೆಯ ಮುಂದೆ ಇಳಿಯುವಾಗ ಮೇಲಿನ ಕಿಟಕಿಯಲ್ಲಿ ಗುಬ್ಬಿ ನಿಂತಿದ್ದಳು. ಅಪ್ಪನ ಸ್ಕೂಟರು ಕಂಡು ಅವಳ ಮುಖ ಬಿಳಿಚಿಕೊಂಡಿತು. ಟಿವಿಯಮ್ಮ ಕೆಳಗಿನಿಂದಲೇ, ನಾನು ಇಳಿಯೋಕೆ ಬಂದಿದ್ದು ಕಣೇ, ನಿನ್ನ ಹತ್ತಿಸೋಕಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಬೀಗದಂಗಡಿಯವನು ತಲೆ ತಗ್ಗಿಸಿ ಅಂಗಡಿಯೊಳಗೆ ನುಗ್ಗಿದ. ಸ್ಕೂಟರು ಅಲ್ಲೇ ನಿಂತಿತು, ಆ ಸಂಜೆಯೂ, ಮರುದಿನವೂ.

ಟಿವಿಯಮ್ಮ ಮತ್ತೆ ಬಸ್‌ ನಿಲ್ದಾಣಕ್ಕೆ ಕೂಗಲು ಹೋಗತೊಡಗಿದಳು. ಗುಬ್ಬಿ ಕೈ ಮಾಗಿದ ಮೇಲೆ ತನ್ನ ಹಳೆಯ ಜೆರಾಕ್ಸ್ ಅಂಗಡಿಯ ಕೆಲಸ ಹಿಡಿದಳು. ಧಾರಾವಾಹಿಯೇನೂ ನಿಲ್ಲಲಿಲ್ಲ. ದೊಡ್ಡಮನೆಯ ಅಮ್ಮನಿಗೆ ಈಗ ಬೇರೆ ಯಾರದ್ದೋ ದನಿ, ನೆಗಡಿಯಾದವರ ಹಾಗೆ. ಮೊದಲ ದಿನ ಇಬ್ಬರೂ ಕೂತು ನೋಡಿದರು. ರಾಣಿ ಮತ್ತೆ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಳು. ಗುಬ್ಬಿ ರಿಮೋಟು ಎತ್ತಿ ಸದ್ದು ಪೂರ್ತಿ ಅಡಗಿಸಿ ಇವಳ ಮುಖ ನೋಡಿದಳು. ಟಿವಿಯಮ್ಮ ಗಂಟಲು ಸರಿಮಾಡಿಕೊಂಡಳು. ಪರದೆಯ ಬಾಯಿ ತೆರೆದ ಹಾಗೆಲ್ಲ ಇವಳೂ ತೆರೆದಳು. ಒಳಗೆ ಬಾ ಮಗಳೇ, ಬಾಗಿಲಲ್ಲಿ ನಿಲ್ಲಿಸಿಕೊಂಡು ಮಾತಾಡೋದು ಕೊರಿಯರಿನವರ ಹತ್ತಿರ ಎಂದಳು ರಾಣಿ. ಗುಬ್ಬಿ ಬಿದ್ದು ಬಿದ್ದು ನಕ್ಕಳು. ಮದುವೆಯಾದ ಮೇಲೆ ಆ ನಗು ಈ ಮನೆಯಲ್ಲಿ ಕೇಳಿರಲಿಲ್ಲ.

ನಗು ಎದುರುಮನೆಗೂ ಕೇಳಿತು. ಮಾರನೆಯ ಸಂಜೆ ಎದುರುಮನೆಯವಳು ಬಂದು ಚಾಪೆಯ ಮೇಲೆ ಕೂತಳು. ಆಮೇಲೆ ಟೈಲರಮ್ಮ, ಬಟನ್ನು ಹಚ್ಚಬೇಕಾದ ಅಂಗಿಗಳ ಸಮೇತ. ಶಾಲೆಯ ಆಯಾ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಚಾಪೆ ತುಂಬಿತು, ಹಾಸಿಗೆ ತುಂಬಿತು, ಬಂದವರು ಬಾಗಿಲಾಚೆ ಮೆಟ್ಟಿಲ ಮೇಲೂ ಕೂರತೊಡಗಿದರು. ಟಿವಿಯಲ್ಲಿ ಗಂಡ ಕೈ ಎತ್ತಿದರೆ ಇಲ್ಲಿ ಅವನಿಗೆ ಎಂಥ ದನಿ ಬರುತ್ತಿತ್ತೆಂದರೆ, ಪಾಪ, ಅವನೇ ಕೇಳಿದ್ದರೂ ಕೈ ಇಳಿಸುತ್ತಿದ್ದ. ಅತ್ತೆ ಬೈಯಲು ಬಾಯಿ ತೆರೆದರೆ ಅವಳ ಬಾಯಲ್ಲಿ ಸೊಸೆಗೆ ಕ್ಷಮೆ. ಹೀಗನ್ನಿಸಿ ಅಕ್ಕಾ, ಹಾಗನ್ನಿಸಿ ಅಕ್ಕಾ ಎಂದು ಹೆಂಗಸರೇ ಮಾತು ಎತ್ತಿಕೊಡುತ್ತಿದ್ದರು.

ಒಂದು ಸಂಜೆ ರಾಣಿ ಮಗಳ ಕೈ ಹಿಡಿದು ಏನೋ ಹೇಳುವ ದೃಶ್ಯ ಬಂತು. ಹೊರಗೆ, ಕೆಳಗಿನ ಮೆಟ್ಟಿಲ ಕತ್ತಲಲ್ಲಿ ಯಾರೋ ಕೂತ ಹಾಗಾಯಿತು. ಟಿವಿಯಮ್ಮನಿಗೆ ಕಾಣಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಗುಬ್ಬಿ ಮಾತ್ರ ಹಿಂದೆ ತಿರುಗಿ ನೋಡಿ, ಅಲ್ಲೇ ಸರಿದು ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಕತ್ತಲಿಂದ ಬೀಗದಂಗಡಿಯವನ ಹೆಂಡತಿಯ ದನಿ ಬಂತು.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ ಅಕ್ಕಾ. ಕೆಳಗಿನವರಿಗೂ ಕೇಳಿಸಲಿ."