ಹೆಸ್ಟರಳ ಬಲೆಗೆ ಬಿದ್ದ ಜೋಡಿ

ವಿಲ್ಗಾರಪ್ ಊರಿನ ಅಂಚೆ ಕಚೇರಿಯಲ್ಲಿ ಅಂಚೆಚೀಟಿ ಹರಿದು ಕೊಡುತ್ತಲೇ ಕೂದಲು ನರೆಸಿಕೊಂಡ ಹೆಸ್ಟರಳಿಗೆ ಒಳಗೊಳಗೇ ಎರಡು ಬೇನೆ. ಒಂದು ಕಡಜ ಹಿಡಿದು ಕೂಡಿಡುವ ಹುಚ್ಚು, ಇನ್ನೊಂದು ತಂಗಿ ನೆಟ್ಟಿಯ ಮೇಲಿನ ಹೊಟ್ಟೆಕಿಚ್ಚು. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದು ನೆಟ್ಟಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತು.

ಗುಂಗುರು ಕೂದಲು ನೆಟ್ಟಿಗೆ ಹೋಗಿತ್ತು, ಅಪ್ಪನ ದಪ್ಪ ಮೂಗು ಹೆಸ್ಟರಳ ಪಾಲಿಗೆ ಬಂದಿತ್ತು. ಸೈಕಲ್ ಕಲಿಸಿದವಳು ಹೆಸ್ಟರ್, ಪಂದ್ಯ ಗೆದ್ದವಳು ನೆಟ್ಟಿ. ಅದನ್ನೆಲ್ಲ ಹೇಗೋ ನುಂಗಿಕೊಂಡಳು. ಕಡಜ ಮಾತ್ರ ಅವಳದೇ ಆಗಿ ಉಳಿದಿತ್ತು. ಗಂಡ ಪರ್ಸಿ ತೀರಿಕೊಂಡ ಮೇಲೆ ನೆಟ್ಟಿ ಪರ್ತ್‌ನಿಂದ ಊರಿಗೆ ವಾಪಸು ಬಂದಾಗ, ಪಾಪ, ಬೇಸರ ಕಳೆಯಲಿ ಎಂದು ಬಲೆ ಬೀಸುವುದನ್ನು ಕಲಿಸಿದವಳೂ ಹೆಸ್ಟರಳೇ.

"ನೋಡೇ, ಈ ಕುಟುಂಬದ ಕಡಜದಲ್ಲಿ ಗಂಡಿಗೆ ಮಾತ್ರ ರೆಕ್ಕೆ. ಹೆಣ್ಣು ಇರುವೆ ಥರ ಇರ್ತಾಳೆ. ಮರಳೊಳಗೆ ಇಳಿದು ದುಂಬಿಯ ಮರಿಹುಳ ಹುಡುಕಿ, ಕುಟುಕಿ ಮಲಗಿಸಿ, ಅದರ ಮೇಲೆ ಮೊಟ್ಟೆ ಇಡ್ತಾಳೆ. ಮರಿ ಆ ಹುಳಾನೇ ತಿಂದು ಬೆಳೆಯುತ್ತೆ."

"ಥೂ, ಪಾಪಿಗಳಾ! ಮತ್ತೆ ತಾಯಿಗೆ ಊಟ?"

"ಮೇಲೆ ಬಂದು ಒಂದು ಕಡ್ಡಿ ಹತ್ತಿ ಕೂತ್ಕೋತಾಳೆ. ಅವಳ ವಾಸನೆ ಹಿಡ್ಕೊಂಡು ಗಂಡು ಬಂದು ಎತ್ಕೊಂಡು ಹೋಗ್ತಾನೆ. ಜೊತೆಯಾಗಿರೋವಾಗಲೇ ಹೂವಿಂದ ಹೂವಿಗೆ ಒಯ್ದು ಮಕರಂದ ಕುಡಿಸ್ತಾನೆ."

"ನಮ್ಮ ಪರ್ಸಿ ಒಂದು ದಿನ ಒಂದು ಲೋಟ ಟೀ ಕೊಟ್ಟೋನಲ್ಲ!" ಎಂದು ನೆಟ್ಟಿ ನಕ್ಕಿದ್ದಳು.

ಬಲೆ ಹಿಡಿದ ಮೊದಲ ವಸಂತದಲ್ಲೇ ನೆಟ್ಟಿಗೆ ಒಂದು ಗಂಡು ಸಿಕ್ಕಿತು. ಹೆಣ್ಣು ಕಡಜದ ವೇಷ ಹಾಕುವ ಆರ್ಕಿಡ್ ಹೂವೊಂದಿದೆಯಲ್ಲ, ಅದಕ್ಕೆ ಮರುಳಾಗಿ ಎರಗಿತ್ತು ಅದು. ಪರ್ತ್‌ನ ವಸ್ತುಸಂಗ್ರಹಾಲಯದ ಕೀಟತಜ್ಞ ಟ್ರೆಲೋರ್ ಅವರು ಅದನ್ನು ನೋಡಿ, ಇದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ, ನೆಟ್ಟಿಯ ಹೆಸರನ್ನೇ ಇಡೋಣ ಎಂದರು. ಒಂದೇ ಒಂದು ತೊಡಕಿತ್ತು. ಗಂಡಿಗೂ ಹೆಣ್ಣಿಗೂ ನೋಡಲು ಹೋಲಿಕೆಯೇ ಇಲ್ಲದ್ದರಿಂದ ಹಿಂದಿನವರು ಎಷ್ಟೋ ಕಡೆ ಗಂಡನಿಗೊಂದು, ಹೆಂಡತಿಗೊಂದು ಹೆಸರಿಟ್ಟು ಹೋಗಿದ್ದರು. ಕೂಡಿಕೊಂಡ ಜೋಡಿ ಸಿಕ್ಕರೆ ಮಾತ್ರ ಯಾರು ಯಾರವರೆಂದು ತಿಳಿಯುವುದು. ಹಾಗೆ ತಿಳಿದಾಗ ಮೊದಲು ಇಟ್ಟ ಹೆಸರು ನಿಲ್ಲುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ.

ಹೆಸ್ಟರ್ ತಂಗಿಯನ್ನು ತಬ್ಬಿಕೊಂಡಳು, ಕೇಕ್ ಮಾಡಿದಳು. ಅವಳ ಕೈಯಲ್ಲಿ ಕೇಕ್ ಸೀದುಹೋದದ್ದು ಅದೇ ಮೊದಲು.

ಮರುವರ್ಷ ವಸಂತ ಬಂದಾಗ, ಅಕ್ಟೋಬರಿನಲ್ಲಿ, ಊರಿನ ಕಾಡುಹೂವಿನ ಸಂಘದವರೆಲ್ಲ ಮರಳುದಿಣ್ಣೆಗೆ ಹೊರಟರು, ಜೊತೆಗೆ ಅಕ್ಕತಂಗಿಯರೂ. ಹುಲ್ಲುಮರದ ಎತ್ತರದ ಹೂಗೋಲೊಂದರ ಮುಂದೆ ಹೆಸ್ಟರ್ ಗಕ್ಕನೆ ನಿಂತಳು. ಹೂವಿನ ಮೇಲೆ ನೆಟ್ಟಿಯ ಗಂಡು, ಅದೇ ಬಿಳಿ ಮೂತಿ, ಅದೇ ಕಂದು ರೆಕ್ಕೆ. ಅದಕ್ಕೆ ಅಂಟಿಕೊಂಡು ಒಂದು ಹೆಣ್ಣು ನೇತಾಡುತ್ತಿತ್ತು. ಕೆಂಪು ತೊಡೆ, ಬೆನ್ನಿನ ಮೇಲೆ ಹಳದಿ ಚುಕ್ಕೆ. ಅಂಥವನ್ನು ಹೆಸ್ಟರ್ ಎಷ್ಟೋ ಸಲ ಮರಳಿನಿಂದ ಅಗೆದು ತೆಗೆದಿದ್ದಳು. ಹೆಸ್ಟರ್ ಹುಟ್ಟುವ ಮೊದಲೇ ಯಾರೋ ಅದಕ್ಕೆ ಹೆಸರಿಟ್ಟಾಗಿತ್ತು.

ಅಲ್ಲಿಗೆ ನೆಟ್ಟಿಯ ಹೆಸರು ಬಿತ್ತು. ಹೆಸ್ಟರಳಿಗೆ ಹೊಟ್ಟೆ ತಣ್ಣಗಾಯಿತು.

ಬಲೆ ಬೀಸಿದಳು. ಜೋಡಿ ಬೇರೆಯಾಗಲಿಲ್ಲ. ಆದರೆ ಅವಳ ಹತ್ತಿರ ಇದ್ದದ್ದು ದೊಡ್ಡ ಸೀಸೆ ಒಂದೇ. ಬೆಳಗಿನಿಂದ ಹಿಡಿದ ಕಡಜಗಳೆಲ್ಲ ಅದರೊಳಗೆ ರಾಶಿ ಬಿದ್ದಿದ್ದವು. ಅದಕ್ಕೇ ಹಾಕಿದರೆ ಇವೂ ಬೇರೆಯಾಗಿ ಗುಂಪಿನಲ್ಲಿ ಬೆರೆತುಹೋಗುತ್ತವೆ, ಆಮೇಲೆ ಜೋಡಿಯೆಂದರೆ ಯಾರು ನಂಬುತ್ತಾರೆ? ಒಂದೊಂದನ್ನೇ ಬೇರೆಯಾಗಿ ಇಡುವ ಚಿಕ್ಕ ಸೀಸೆ ಇದ್ದದ್ದು ನೆಟ್ಟಿಯ ಕೊರಳಚೀಲದಲ್ಲಿ.

"ನೆಟ್ಟೀ! ಚಿಕ್ಕ ಸೀಸೆ ತಾರೇ, ಬೇಗ!"

ನೆಟ್ಟಿ ಓಡಿ ಬಂದು ಬಲೆಯೊಳಗೆ ಇಣುಕಿದಳು. ಮುಖ ಬಿಳಿಚಿಕೊಂಡಿತು.

"ಇವನು ನನ್ನೋನು ಅಲ್ವಾ ಅಕ್ಕ?"

"ಹೂಂ."

"ಇವಳು ನಿನ್ನ ಪೆಟ್ಟಿಗೇಲಿರೋ ಕೆಂಪು ತೊಡೆಯೋಳು."

"ಹೂಂ ಕಣೆ."

ಸುತ್ತ ಯಾರೂ ಇರಲಿಲ್ಲ. 'ಬಿಟ್ಟುಬಿಡು ಅಕ್ಕ' ಎಂದು ನೆಟ್ಟಿ ಒಂದು ಮಾತು ಬೇಡಲಿ ಎಂದು ಹೆಸ್ಟರ್ ಕಾದಳು. ಬೇಡಿದ್ದರೆ ಬಿಟ್ಟೇ ಬಿಡುತ್ತಿದ್ದಳೇನೋ. ತಂಗಿ ಬೇಡಿದ ಆ ಮಾತನ್ನು ಮಾತ್ರ ಸಾಯುವ ತನಕ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು.

"ಅಲುಗಿಸಬೇಡ, ಬಿಟ್ಟುಕೊಂಡಾವು," ಎಂದು ನೆಟ್ಟಿ ಉಸಿರು ಬಿಗಿಹಿಡಿದು ಜೋಡಿಯನ್ನು ಸೀಸೆಗೆ ಇಳಿಸಿದಳು. ಬಿರಡೆ ಒತ್ತಿದಳು. ಹಿಡಿದವರು ಹೆಸ್ಟರ್ ಎಂದು ಪೆನ್ಸಿಲಿನಲ್ಲಿ ಬರೆದು ಅಂಟಿಸಿದಳು. ಆಮೇಲೆ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು. "ನಾನೋ, ಮದುವೆ ಆಗಿರೋನನ್ನೇ ನೆಚ್ಚಿಕೊಂಡು ಕೂತಿದ್ದೆನಲ್ಲೇ!"

ಚಹಾದ ಹೊತ್ತಿಗೆ ನೆಟ್ಟಿಯೇ ಎಲ್ಲರಿಗೂ ಕೂಗಿ ಹೇಳಿದಳು. "ಕೇಳಿದ್ರಾ? ನಮ್ಮಕ್ಕ ಜೋಡಿ ಹಿಡಿದಳು! ನನ್ನ ಹೆಸರು ಹೋಯ್ತು!" ಜನ ಹೆಸ್ಟರಳಿಗೆ ಚಪ್ಪಾಳೆ ತಟ್ಟಿದರು, ಕಣ್ಣು ಮಾತ್ರ ನೆಟ್ಟಿಯ ಮೇಲಿತ್ತು. ಬೇಕರಿಯ ಮುದುಕಿ ವಿನಿಫ್ರೆಡ್, "ಎಂಥಾ ದೊಡ್ಡ ಮನಸ್ಸಮ್ಮಾ ನಿನ್ನ ತಂಗೀದು!" ಎಂದು ಹೆಸ್ಟರಳ ಬೆನ್ನು ತಟ್ಟಿದಳು.

ಹೆಸ್ಟರ್ ಒಂದೇ ತುತ್ತು ಕಚ್ಚಿದ್ದ ಕುರಿಮಾಂಸದ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಮರಳಿ ಇಟ್ಟಳು. ಸೈಕಲ್ಲು, ಬಲೆ, ಕಡಜ, ಎಲ್ಲವನ್ನೂ ನೆಟ್ಟಿಗೆ ತಾನೇ ಕಲಿಸಿದ್ದಳು. ಹೀಗೆ ಸೋಲುವುದನ್ನು ಮಾತ್ರ ಕಲಿಸಿರಲಿಲ್ಲ. ಅದು ತನಗೇ ಬರುತ್ತಿರಲಿಲ್ಲ.